ಒಳಅಂಚು ಮಾತ್ರ ಬೋಳಾಗುವ ಟೈರ್: ಕ್ಯಾಂಬರನ್ನು ಬೈಯುವ ಮೊದಲು ಹಿಂದಿನ ಟೋ ನೋಡಿ

ಓದುಗರ ಪ್ರಶ್ನೆ:

ನಾನು ಬೆಳಗಾವಿಯ ಟಿಳಕವಾಡಿಯವನು. ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ತಗೊಂಡೆ. 987 ಮಾದರಿ, 18 ಇಂಚಿನ ಚಕ್ರ. ಬಂದ ಕೂಡಲೇ ಹಿಂದಿನ ಎರಡೂ ಟೈರ್ ಹೊಸದು ಹಾಕಿಸಿದೆ. ಓಡಿದ್ದು 9,000 ಕಿಲೋಮೀಟರ್ ಅಷ್ಟೆ. ಮೊನ್ನೆ ಸರ್ವಿಸಿಗೆ ಲಿಫ್ಟ್ ಮೇಲೆ ಏರಿಸಿದಾಗ ನೋಡಿದರೆ ಎರಡರ ಒಳಅಂಚೂ ಪೂರ್ತಿ ಬೋಳು. ಎಡಗಡೆಯದರಲ್ಲಿ ತಂತಿಯೇ ಕಾಣುತ್ತಿದೆ. ಹೊರಗೆ ನಿಂತು ನೋಡಿದರೆ ಟೈರ್ ಇನ್ನೂ ಹೊಸದರ ಹಾಗಿದೆ! ಈ ನಡುವೆ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದೇನೆ. ಸ್ಟೇರಿಂಗ್ ನೆಟ್ಟಗಿದೆ, ಗಾಡಿ ಯಾವ ಕಡೆಗೂ ಎಳೆಯುವುದಿಲ್ಲ. ಒಬ್ಬರು "ಸ್ಪೋರ್ಟ್ಸ್ ಕಾರಿಗೆ ಕ್ಯಾಂಬರ್ ಜಾಸ್ತಿ, ಹೀಗೇ ಆಗೋದು" ಅಂತಾರೆ. ಇನ್ನೊಬ್ಬರು ಕ್ಯಾಂಬರ್ ಕಿಟ್ ಹಾಕಿಸಿ ಅಂತಾರೆ. ಟೈರ್ ಎಡಬಲ ಬದಲಿಸಿ ಅಂದವರೂ ಇದ್ದಾರೆ. ಆಗಾಗ ಚೋರ್ಲಾ ಘಾಟ್ ದಾಟಿ ಗೋವಾಕ್ಕೆ, ಹೈವೇಯಲ್ಲಿ ಪುಣೆಗೆ ಹೋಗುತ್ತಿರುತ್ತೇನೆ. ಏನು ಮಾಡಲಿ?

ಉತ್ತರ:

ಮೊದಲ ಮಾತು. ತಂತಿ ಕಂಡ ಟೈರಿನ ಮೇಲೆ ಹೈವೇಗೆ ಇಳಿಯಬೇಡಿ. ಪುಣೆಯಂತೂ ಬೇಡವೇ ಬೇಡ. ತಂತಿ ಕಾಣುತ್ತಿದೆ ಅಂದರೆ ರಬ್ಬರ್ ಮುಗಿದು ಒಳಗಿನ ಬೆಲ್ಟ್ ರಸ್ತೆಗೆ ತಾಗುತ್ತಿದೆ ಅಂತ ಅರ್ಥ. ಅಲ್ಲಿಂದ ನೀರು ಒಳಗೆ ಹೋಗಿ ಉಕ್ಕು ತುಕ್ಕು ಹಿಡಿಯುತ್ತದೆ. ಆಮೇಲೆ ವೇಗದಲ್ಲಿ, ಬಿಸಿಯಲ್ಲಿ ಯಾವಾಗ ಬೇಕಾದರೂ ಸಿಡಿಯಬಹುದು. ಟೈರ್ ಅಂಗಡಿಯವರೆಗೆ ನಿಧಾನಕ್ಕೆ ಹೋಗಿ, ಇಲ್ಲವೇ ಗಾಡಿಯನ್ನೇ ಟ್ರಕ್ ಮೇಲೆ ಸಾಗಿಸಿ.

ಆದರೆ ಹಳೇ ಟೈರ್ ಬಿಚ್ಚಿಸುವ ಮುಂಚೆ ಒಂದು ಕೆಲಸ ಮಾಡಿ. ಆ ಟೈರನ್ನು ಸರಿಯಾಗಿ ನೋಡಿ, ಮುಟ್ಟಿ ನೋಡಿ, ಅಳೆದು ಬರೆದಿಡಿ. ಗಾಡಿಗೆ ಏನಾಗಿದೆ ಅನ್ನೋದಕ್ಕೆ ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಒಂದೇ ಒಂದು ಸಾಕ್ಷಿ ಅದು. ಅಂಗಡಿಯವರು ಅದನ್ನು ಗುಜರಿ ರಾಶಿಗೆ ಎಸೆದರೆ ಸಾಕ್ಷಿಯೂ ಹೋಯಿತು.

ಟೈರಿನ ಕಾಲುವೆಯ ಆಳ ಅಳೆಯುವ ಟ್ರೆಡ್ ಡೆಪ್ತ್ ಗೇಜ್ ಯಾವುದೇ ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯೂ ಅಲ್ಲ. ಪ್ರತಿ ಟೈರಿನಲ್ಲಿ ಮೂರು ಕಡೆ ಅಳೆಯಿರಿ: ಒಳಗಿನ ಕಾಲುವೆ, ನಡುವಿನ ಕಾಲುವೆ, ಹೊರಗಿನ ಕಾಲುವೆ. ಕಾಲುವೆ ಅಂದರೆ ಟೈರಿನ ಮೇಲೆ ಉದ್ದುದ್ದ ಕೊರೆದ ಗೆರೆ. ಒಳಗೆ ಒಂದು, ನಡುವೆ ನಾಲ್ಕು, ಹೊರಗೆ ಐದೂವರೆ ಮಿಲಿಮೀಟರ್ ಹೀಗೇನಾದರೂ ಬರಬಹುದು. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಮ್ಮಿ ಇತ್ತು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು. ಅಲ್ಲಲ್ಲಿ ತಟ್ಟೆ ಕೊರೆದ ಹಾಗೆ ತಗ್ಗುಗಳಿದ್ದರೆ ಶಾಕಪ್, ಬೇರಿಂಗ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ನಿಮ್ಮದು ಇದ್ಯಾವುದೂ ಅಲ್ಲ ಅನ್ನೋದು ನಿಮ್ಮ ವಿವರಣೆಯಲ್ಲೇ ಗೊತ್ತಾಗುತ್ತದೆ.

ಈಗ ಅಂಗೈ ಕೆಲಸ. (ಕ್ಯಾಂಬರ್ ಅಂದರೆ ಚಕ್ರದ ವಾಲು, ಟೋ ಅಂದರೆ ಚಕ್ರ ಮುಖ ಮಾಡಿರುವ ದಿಕ್ಕು. ವಿವರ ಕೆಳಗಿದೆ.) ತಂತಿ ಎದ್ದಿರುವ ಕಡೆ ಬೇಡ, ಕೈ ಕೊಯ್ಯುತ್ತದೆ. ರಬ್ಬರ್ ಉಳಿದಿರುವ ಜಾಗದಲ್ಲಿ ಟ್ರೆಡ್ (ನೆಲಕ್ಕೆ ತಾಗುವ ಮೈ) ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ. ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ಎರಡೂ ಕಡೆ ನುಣ್ಣಗೆ ಹೋಯಿತು, ಸುಮ್ನೆ ಇಳಿಜಾರು ಮಾತ್ರ ಇದೆ ಅಂದರೆ ಅದು ಬಹುತೇಕ ಕ್ಯಾಂಬರಿನ ಸವೆತ. ಒಂದು ಕಡೆಗೆ ಸವರಿದಾಗ ನುಣುಪು, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿತು ಅಂದರೆ ಅದು ಟೋ. ಹೊರಗಿನಿಂದ ಒಳಗೆ ನುಣುಪಾಗಿದ್ದರೆ ಟೋ-ಇನ್ ಜಾಸ್ತಿ. ಒಳಗಿನಿಂದ ಹೊರಗೆ ನುಣುಪಾಗಿದ್ದರೆ ಟೋ-ಔಟ್. ಇದಕ್ಕೆ ಕಂಪ್ಯೂಟರ್ ಬೇಡ, ಕರೆಂಟೂ ಬೇಡ. 9,000 ಕಿಲೋಮೀಟರಿಗೆ ತಂತಿ ಬಂದ ಟೈರಿನಲ್ಲಿ ಆ ಹಲ್ಲು ಇದ್ದೇ ಇರುತ್ತದೆ ಅಂತ ನನ್ನ ಅಂದಾಜು.

ಯಾಕೆ ಹಾಗೆ ಹೇಳುತ್ತೇನೆ? ಕ್ಯಾಂಬರ್ ಒಂದೇ ಇಷ್ಟು ಬೇಗ ಟೈರ್ ತಿನ್ನುವುದಿಲ್ಲ.

ಕ್ಯಾಂಬರ್ ಅಂದರೆ ಚಕ್ರವನ್ನು ಹಿಂದಿನಿಂದ ನೋಡಿದಾಗ ಕಾಣುವ ವಾಲು. ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್. ನಿಮ್ಮ ಕಾರಿನಂಥವಕ್ಕೆ ಕಂಪನಿಯೇ ಹಿಂದೆ ಒಂದೂವರೆ ಡಿಗ್ರಿ ಆಸುಪಾಸು ನೆಗೆಟಿವ್ ಕೊಟ್ಟಿರುತ್ತದೆ. ತಿರುವಿನಲ್ಲಿ ಗಾಡಿ ಹೊರಗೆ ವಾಲಿದಾಗ ಭಾರ ಹೊತ್ತ ಟೈರ್ ನೆಲಕ್ಕೆ ಚಪ್ಪಟೆಯಾಗಿ ಕೂರಲಿ ಅಂತ. ನೇರ ರಸ್ತೆಯಲ್ಲಿ ಅದರ ಬೆಲೆ ಏನಪ್ಪಾ ಅಂದರೆ, ಒಳಅಂಚಿನ ಮೇಲೆ ಭಾರ ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಆ ಅಂಚು ಹೆಚ್ಚುಕಮ್ಮಿ ನೆಟ್ಟಗೇ ಉರುಳುತ್ತಿರುತ್ತದೆ. ಉಜ್ಜಾಟ ಕಮ್ಮಿ. ಹಾಗಾಗಿ ಸವೆತ ಇದ್ದರೂ ನಿಧಾನ.

ಟೋ ಹಾಗಲ್ಲ. ಮೇಲಿನಿಂದ ನೋಡಿದಾಗ ಎರಡೂ ಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರ ಇದ್ದರೆ ಟೋ-ಇನ್, ದೂರ ಇದ್ದರೆ ಟೋ-ಔಟ್. ಅಂದರೆ ಚಕ್ರ ಮುಖ ಮಾಡಿರೋದು ಒಂದು ಕಡೆ, ಗಾಡಿ ಹೋಗುತ್ತಿರೋದು ಇನ್ನೊಂದು ಕಡೆ. ಟೈರ್ ಉರುಳುತ್ತಲೇ ಅಡ್ಡಕ್ಕೂ ಎಳೆಸಿಕೊಳ್ಳುತ್ತದೆ. ಒಂದು ಲೆಕ್ಕ ಹಾಕೋಣ. ಒಂದು ಚಕ್ರ ಕಾಲು ಡಿಗ್ರಿ ತಪ್ಪಾಗಿದೆ ಅಂದುಕೊಳ್ಳಿ. 18 ಇಂಚಿನ ರಿಮ್ಮಿನಲ್ಲಿ ಇದು ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಬರೀ 2 ಮಿಲಿಮೀಟರ್ ವ್ಯತ್ಯಾಸ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಪ್ರತಿ ಕಿಲೋಮೀಟರಿಗೆ ಆ ಟೈರ್ 4 ಮೀಟರಿಗಿಂತ ಸ್ವಲ್ಪ ಜಾಸ್ತಿ ಅಡ್ಡಕ್ಕೆ ಎಳೆದ ಲೆಕ್ಕವಾಗುತ್ತದೆ. 9,000 ಕಿಲೋಮೀಟರಿಗೆ ಸುಮಾರು 39 ಕಿಲೋಮೀಟರ್. ಬೆಳಗಾವಿಯಿಂದ ಖಾನಾಪುರ ದಾಟಿ ಮುಂದೆ ಹೋಗುವಷ್ಟು ದೂರ ಟೈರನ್ನು ಅಡ್ಡಡ್ಡ ಎಳೆದ ಹಾಗಾಯಿತು. ಇದರಲ್ಲಿ ಒಂದಷ್ಟನ್ನು ರಬ್ಬರ್ ಬಾಗಿ ನುಂಗಿಕೊಳ್ಳುತ್ತದೆ, ಪೂರ್ತಿ ಉಜ್ಜಾಟ ಅಲ್ಲ. ಆದರೂ ತಂತಿ ಎಲ್ಲಿಂದ ಬಂತು ಅಂತ ಅರ್ಥವಾಯಿತಲ್ವಾ?

ಇಲ್ಲೊಂದು ಗೊಂದಲ ಬರುತ್ತದೆ. ಪುಸ್ತಕದ ಪ್ರಕಾರ ಟೋ-ಇನ್ ಜಾಸ್ತಿಯಾದರೆ ಹೊರಅಂಚು ಸವೆಯಬೇಕು, ಟೋ-ಔಟ್ ಆದರೆ ಒಳಅಂಚು. ಹಾಗಾದರೆ ನಿಮ್ಮದು ಟೋ-ಔಟ್ ಅಂತಲೇ ತೀರ್ಮಾನಿಸಬಹುದಾ? ಇಲ್ಲ. ನೆಗೆಟಿವ್ ಕ್ಯಾಂಬರ್ ಇರುವ ಚಕ್ರದಲ್ಲಿ ಭಾರ ಇರೋದೇ ಒಳಅಂಚಿನ ಮೇಲೆ. ಟೋ ಯಾವ ಕಡೆ ತಪ್ಪಿದರೂ ಉಜ್ಜಾಟ ಅಲ್ಲೇ ಜೋರು. ಕ್ಯಾಂಬರ್ ಜಾಗ ತೋರಿಸುತ್ತದೆ, ಟೋ ಅಲ್ಲಿ ಕೆರೆಯುತ್ತದೆ. ಸವೆದ ಜಾಗ ನೋಡಿ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ಟೋ ಯಾವ ಕಡೆಗೆ ತಪ್ಪಿದೆ ಅನ್ನೋದನ್ನು ಅಂಗೈ ಹೇಳುತ್ತದೆ, ಸವೆದ ಅಂಚು ಹೇಳುವುದಿಲ್ಲ.

ಇನ್ನು ನಿಮ್ಮ ಆ ಎರಡು ಅಲೈನ್‌ಮೆಂಟ್ ವಿಷಯ. ಪ್ರಿಂಟ್ ಕೊಟ್ಟರಾ? ಪತ್ರದಲ್ಲಿ ಹಾಗೇನೂ ಇಲ್ಲ. ನನಗನ್ನಿಸೋದು, ಎರಡೂ ಸಲ ಮುಂದಿನ ಟೈ ರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಮಾತ್ರ ತಿರುಗಿಸಿ ಕಳಿಸಿದ್ದಾರೆ. ನಮ್ಮ ಕಡೆ ಬರುವ ಬಹುಪಾಲು ಸಣ್ಣ ಕಾರುಗಳಿಗೆ ಹಿಂದೆ ಟ್ವಿಸ್ಟ್ ಬೀಮ್, ಅಂದರೆ ಎರಡೂ ಚಕ್ರ ಜೋಡಿಸುವ ಒಂದೇ ತೊಲೆ, ಇರುತ್ತದೆ. ಅಲ್ಲಿ ತಿರುಗಿಸಲಿಕ್ಕೆ ಏನೂ ಇಲ್ಲ. ಹುಡುಗರ ಕೈ ಮುಂದಿನದಕ್ಕೇ ಪಳಗಿರುತ್ತದೆ. ಕೇಳಿದರೆ "ಸ್ಟೇರಿಂಗ್ ನೆಟ್ಟಗ ಐತಲ್ರೀ ಸಾಹೇಬ್ರ, ಮತ್ತೇನ್ ಬೇಕ್ರಿ?" ಅಂತಾರೆ. ತಮ್ಮ ಮಟ್ಟಿಗೆ ಅವರು ಹೇಳೋದು ಸರಿಯೇ. ಆದರೆ ಸ್ಟೇರಿಂಗ್ ನೆಟ್ಟಗಿರೋದು ಹಿಂದಿನ ಚಕ್ರಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಿಂದೆ ಎಡಚಕ್ರ 0.30 ಡಿಗ್ರಿ ಟೋ-ಇನ್, ಬಲಚಕ್ರ 0.10 ಡಿಗ್ರಿ ಟೋ-ಔಟ್ ಇದೆ ಅಂದುಕೊಳ್ಳಿ. ಆಗ ಹಿಂದಿನ ಜೋಡಿ ಗಾಡಿಯ ನಡುಗೆರೆಗಿಂತ 0.20 ಡಿಗ್ರಿ ಓರೆಯಾಗಿ ತಳ್ಳುತ್ತಿರುತ್ತದೆ. ಇದನ್ನು ಥ್ರಸ್ಟ್ ಆ್ಯಂಗಲ್ ಅನ್ನುತ್ತಾರೆ. ಗಾಡಿ ಸ್ವಲ್ಪ ಓರೆಯಾಗಿಯೇ ಓಡುತ್ತದೆ. ಮುಂದಿನದನ್ನು ಆ ಓರೆಗೆ ಹೊಂದಿಸಿ ಸ್ಟೇರಿಂಗ್ ನೇರ ಮಾಡಿಬಿಟ್ಟರೆ ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ. ಹಿಂದಿನ ಎರಡೂ ಚಕ್ರ ಸಮವಾಗಿ ತಪ್ಪಿದ್ದರಂತೂ ಇನ್ನೂ ಕಷ್ಟ. ಒಂದನ್ನೊಂದು ಎದುರಿಸಿಕೊಂಡು ಗಾಡಿ ನೂಲು ಹಿಡಿದ ಹಾಗೆ ನೆಟ್ಟಗೆ ಹೋಗುತ್ತದೆ. ಟೈರ್ ಮಾತ್ರ ಕರಗುತ್ತಿರುತ್ತದೆ. ನಿಮ್ಮದು ಎರಡೂ ಕಡೆ ಬೋಳಾಗಿರೋದರಿಂದ ಈ ಎರಡನೆಯದೇ ಇರಬಹುದು ಅನ್ನಿಸುತ್ತದೆ.

ಎಡಗಡೆ ಯಾಕೆ ಜಾಸ್ತಿ ಹೋಯಿತು? ನಾವು ಎಡಬದಿಯಲ್ಲಿ ಓಡಿಸುವವರು. ರಸ್ತೆಯ ಇಳಿಜಾರು ಎಡಕ್ಕೆ, ಅಂಚು ಕುಸಿದಿರೋದೂ ಎಡಕ್ಕೆ, ಮಳೆನೀರು ನಿಂತು ತಗ್ಗು ಬೀಳೋದೂ ಅಲ್ಲೇ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಕಡೆ ಮಳೆಗಾಲದಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಹಿಂದಿನ ಟೈರ್ 265/40 ಇರಬೇಕು, ಮುಂದಿನದು 235/40. ಲೆಕ್ಕ ಹಾಕಿದರೆ ಹಿಂದಿನ ಟೈರಿನ ಪಕ್ಕದ ಗೋಡೆ 106 ಮಿಲಿಮೀಟರ್, ಮುಂದಿನದರದ್ದು 94. ಅಷ್ಟು ಗಿಡ್ಡ ಗೋಡೆ ಹೊಡೆತ ನುಂಗುವುದಿಲ್ಲ. ತಗ್ಗಿಗೆ ಬಿದ್ದ ಏಟು ಸೀದಾ ರಿಮ್ಮಿಗೆ, ಚಕ್ರವನ್ನು ಗಾಡಿಗೆ ಜೋಡಿಸುವ ಆರ್ಮಿಗೆ, ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ಷಿಗೆ ಹೋಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಗೆಳೆಯರದ್ದು ಬೇರೆ ತೊಂದರೆ. ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗಿ, ರಸ್ತೆ ತೆರೆತೆರೆಯಾಗಿರುತ್ತದೆ. ಅಲ್ಲಿ ಒಂದೇ ದೊಡ್ಡ ಏಟಿಗಿಂತ ಸಸ್ಪೆನ್ಷನ್ ಪೂರ್ತಿ ಕುಗ್ಗಿ ಪೂರ್ತಿ ಎದ್ದು ಬುಷ್ ದಣಿಯೋದು ಜಾಸ್ತಿ.

ಹಾಗಾಗಿ ಅಲೈನ್‌ಮೆಂಟ್‌ಗೆ ಓಡುವ ಮೊದಲು ಅಡಿಯಲ್ಲಿ ಏನಿದೆ ಅಂತ ನೋಡಿಸಿ. ಸಡಿಲ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ದಂಡ. ನಿಂತಲ್ಲಿ ಅಂಕಿ ಸರಿ ಬರುತ್ತದೆ. ಆ್ಯಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನ ಚಕ್ರ ಮುಂದಕ್ಕೆ ತಳ್ಳಿ ಆರ್ಮ್ ಜರುಗುತ್ತದೆ, ಟೋ ಬದಲಾಗುತ್ತದೆ. ಬ್ರೇಕ್ ಒತ್ತಿದರೆ ಇನ್ನೊಂದು ಕಡೆಗೆ. ಯಂತ್ರದ ಮೇಲೆ ಎಲ್ಲ ಹಸಿರು, ರಸ್ತೆಯಲ್ಲಿ ಎಲ್ಲ ಕೆಂಪು. ಈ ಮಾದರಿಯಲ್ಲಿ ಕೆಳಗಿನ ಕಂಟ್ರೋಲ್ ಆರ್ಮ್‌ಗಳು ಸವೆಯೋದು ಗೊತ್ತಿರುವ ವಿಷಯ. ಗಾಡಿ ಎತ್ತಿಸಿ, ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಹಿಂದಿನ ಚಕ್ರದಲ್ಲಿ ಅಲ್ಲಿ ಆಟ ಇದ್ದರೆ ಟೋ ಹಿಡಿದಿಡುವ ಸರಳು, ಅಂದರೆ ಟೋ ಲಿಂಕ್ ಮೇಲೆ ಮೊದಲ ಅನುಮಾನ. 12 ಮತ್ತು 6ರಲ್ಲಿ ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಆಮೇಲೆ ಒಂದೊಂದು ಬುಷ್ಷಿಗೂ ಪ್ರೈ ಬಾರ್ ಕೊಟ್ಟು ಮೀಟಿ ನೋಡಬೇಕು. ರಬ್ಬರ್ ಬಿರುಕು ಬಿಟ್ಟಿದೆಯಾ, ಲೋಹದಿಂದ ಬಿಟ್ಟುಕೊಂಡಿದೆಯಾ ಅಂತ. ಗಾಡಿಯ ವಯಸ್ಸು ನೋಡಿದರೆ ಏನಾದರೂ ಸಿಕ್ಕೇ ಸಿಗುತ್ತದೆ.

ಎತ್ತರವನ್ನೂ ನೋಡಿ. ಹಳೇ ಮಾಲೀಕರು ತಗ್ಗು ಸ್ಪ್ರಿಂಗ್ ಹಾಕಿಸಿದ್ದಾರಾ? ಬೇರೆ ಕಂಪನಿಯ ಸ್ಪ್ರಿಂಗಿಗೆ ಸಾಮಾನ್ಯವಾಗಿ ಕೆಂಪು, ಹಳದಿ, ನೀಲಿ ಹೀಗೆ ಎದ್ದು ಕಾಣುವ ಬಣ್ಣ ಇರುತ್ತದೆ, ಮೇಲೆ ಹೆಸರೂ ಇರುತ್ತದೆ. ಗಾಡಿ ತಗ್ಗಿದರೆ ಆರ್ಮ್‌ಗಳ ಕೋನ ಬದಲಾಗಿ ನೆಗೆಟಿವ್ ಕ್ಯಾಂಬರ್ ಏರುತ್ತದೆ, ಟೋ ಕೂಡ ಜಾಗ ಬಿಡುತ್ತದೆ. ಸ್ಪ್ರಿಂಗ್ ಬದಲಿಸಿ ಅಲೈನ್‌ಮೆಂಟ್ ಮಾಡಿಸದೆ ಮಾರಿದ ಕಾರುಗಳು ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಬೇಕಾದಷ್ಟಿವೆ. ಹಾಗಿದ್ದರೆ ಮೂಲ ಸ್ಪ್ರಿಂಗ್ ಹಾಕಿಸಿಬಿಡಿ ಅನ್ನೋದು ನನ್ನ ಸಲಹೆ. ನಮ್ಮ ಹಂಪುಗಳಿಗೆ ಮೂಲ ಎತ್ತರವೇ ಸಾಲೋದಿಲ್ಲ, ಇನ್ನು ತಗ್ಗಿಸುವುದೆಂಥದ್ದು!

ಕ್ಯಾಂಬರ್ ಕಿಟ್? ಬೇಡ. ನಿಮ್ಮ ಕಾರಿನಲ್ಲಿ ಹಿಂದಿನ ಕ್ಯಾಂಬರ್, ಟೋ ಎರಡನ್ನೂ ಕಂಪನಿ ಕೊಟ್ಟ ಎಕ್ಸೆಂಟ್ರಿಕ್ ಬೋಲ್ಟುಗಳಿಂದಲೇ (ತಿರುಗಿಸಿದರೆ ಆರ್ಮನ್ನು ಅತ್ತಿತ್ತ ಸರಿಸುವ ಬೋಲ್ಟು) ತಿರುಗಿಸಬಹುದು. ಮುಂದೆ ಸ್ಟ್ರಟ್ಟಿನ (ಸ್ಪ್ರಿಂಗ್, ಶಾಕಪ್ ಸೇರಿದ ಕಂಬ) ತಲೆಯ ಹತ್ತಿರ ಸರಿಸಲು ಜಾಗ ಇದೆ. ಮೂಲ ಎತ್ತರದಲ್ಲಿರುವ, ಏಟು ಬೀಳದ ಕಾರಿಗೆ ಅಷ್ಟು ಸಾಕು. ಅಷ್ಟರಲ್ಲಿ ಅಂಕಿ ಬರಲಿಲ್ಲ ಅಂದರೆ ಯಾವುದೋ ಆರ್ಮ್ ಬಾಗಿದೆ ಅಥವಾ ಗಾಡಿಗೆ ಹಿಂದೆ ದೊಡ್ಡ ಪೆಟ್ಟು ಬಿದ್ದಿದೆ. ಅದನ್ನು ಕಿಟ್ ಹಾಕಿ ಮುಚ್ಚಬಾರದು.

ಆದರೆ ಆ ಎಕ್ಸೆಂಟ್ರಿಕ್ ಬೋಲ್ಟುಗಳೇ ಒಂದು ಕಥೆ. ವರ್ಷಗಟ್ಟಲೆ ಯಾರೂ ಮುಟ್ಟದೆ ಬುಷ್ಷಿನ ತೋಳಿಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತವೆ. ಅಲೈನ್‌ಮೆಂಟ್ ಅಂಗಡಿಯಲ್ಲಿ ಪಾನಾ ಹಾಕಿ ಒಮ್ಮೆ ಜಗ್ಗುತ್ತಾರೆ, ತಿರುಗಲಿಲ್ಲ ಅಂದರೆ "ಹಿಂದಿಂದು ಆಗಾಂಗಿಲ್ರಿ" ಅಂದು ಬಿಟ್ಟುಬಿಡುತ್ತಾರೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಇನ್ನೊಮ್ಮೆ. ಬೋಲ್ಟಿಗೆ ಗ್ಯಾಸ್ ಬೆಂಕಿ ಕೊಡಲು ಬಿಡಬೇಡಿ, ಪಕ್ಕದಲ್ಲೇ ಬುಷ್ಷಿನ ರಬ್ಬರ್ ಇದೆ. ಬಿಗಿ ಜಾಸ್ತಿ ಇದ್ದರೆ ಹೊಸ ಬೋಲ್ಟ್, ನಟ್ ತರಿಸಿಟ್ಟುಕೊಂಡೇ ಕೆಲಸಕ್ಕೆ ಇಳಿಯೋದು ಜಾಣತನ.

ಈಗ ಯಂತ್ರದ ಮೇಲೆ. ಬೆಳಗಾವಿಯಲ್ಲಿ ನಾಲ್ಕೂ ಚಕ್ರ ಅಳೆಯುವ ತ್ರೀ-ಡಿ ಯಂತ್ರ ಸಿಗೋದು ಕಷ್ಟವಲ್ಲ. ಅದನ್ನು ತಾಳ್ಮೆಯಿಂದ ಬಳಸುವವರು ಬೇಕು, ಅಷ್ಟೆ. ಬೆಳಗ್ಗೆ ಮೊದಲ ಗಾಡಿಯಾಗಿ ಹೋಗಿ. ಗಡಿಬಿಡಿ ಇರೋದಿಲ್ಲ. ಮುಂಚೆಯೇ ಫೋನ್ ಮಾಡಿ ನಿಮ್ಮ ಗಾಡಿ ಎಷ್ಟು ತಗ್ಗು ಅಂತ ಹೇಳಿ, ರ‍್ಯಾಂಪಿಗೆ ಏರಲು ಹಲಗೆ ಬೇಕಾಗಬಹುದು. ಮುಂದಿನ ಬಂಪರ್ ಕೆರೆದುಕೊಂಡ ಮೇಲೆ ಜಗಳ ಮಾಡಿ ಉಪಯೋಗವಿಲ್ಲ.

ಅಳೆಯುವ ಮುಂಚೆ ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಟ್ಯಾಂಕ್ ತುಂಬ ಪೆಟ್ರೋಲ್, ಡಿಕ್ಕಿಯಲ್ಲಿ ಬೇಡದ ಸಾಮಾನು ಇಲ್ಲ. ಭಾರ ಬದಲಾದರೆ ಎತ್ತರ ಬದಲಾಗುತ್ತದೆ, ಎತ್ತರ ಬದಲಾದರೆ ಅಂಕಿ ಬದಲಾಗುತ್ತದೆ. ಗಾಡಿಯನ್ನು ಮುಂದೆ ಹಿಂದೆ ಒತ್ತಿ ಕುಣಿಸಿ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುವಂತೆ ಮಾಡಬೇಕು. ಯಂತ್ರದಲ್ಲಿ ಕಾರಿನ ಹೆಸರು ಆರಿಸುವಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಒಂದೇ ಕೇಮನ್‌ಗೆ ಒಂದಕ್ಕಿಂತ ಹೆಚ್ಚು ಸಾಲು ಇರುತ್ತವೆ. ಪಿಎಎಸ್‌ಎಂ (ಪೋರ್ಷೆಯ ಎಲೆಕ್ಟ್ರಾನಿಕ್ ಶಾಕಪ್ ವ್ಯವಸ್ಥೆ) ಸಸ್ಪೆನ್ಷನ್ ಇರುವ ಗಾಡಿ ಮಾಮೂಲಿಗಿಂತ 10 ಮಿಲಿಮೀಟರ್ ತಗ್ಗು. ನಿಮ್ಮದು ಯಾವುದು ಅಂತ ಮೊದಲೇ ತಿಳಿದುಕೊಂಡು ಹೋಗಿ. ತಪ್ಪು ಸಾಲು ಆರಿಸಿದರೆ ತಪ್ಪು ಅಂಕಿಯೂ ಹಸಿರಾಗಿಯೇ ಕಾಣುತ್ತದೆ.

ಏನನ್ನೂ ತಿರುಗಿಸುವ ಮೊದಲು ಇದ್ದ ಹಾಗೇ ಅಳೆದು ಒಂದು ಪ್ರಿಂಟ್ ತೆಗೆಸಿ. ಇದು ಬಹಳ ಮುಖ್ಯ. ಆ ಹಾಳೆ ಮತ್ತು ನೀವು ಬರೆದಿಟ್ಟ ಟ್ರೆಡ್ ಅಳತೆ ಎರಡೂ ಹೊಂದಿದರೆ ಕಾರಣ ಸಿಕ್ಕಿತು ಅಂತಲೇ. ಕೆಲಸ ಯಾವಾಗಲೂ ಹಿಂದಿನಿಂದ ಶುರು. ಮೊದಲು ಹಿಂದಿನ ಕ್ಯಾಂಬರ್, ಆಮೇಲೆ ಹಿಂದಿನ ಟೋ. ಕ್ಯಾಂಬರ್ ತಿರುಗಿಸಿದರೆ ಟೋ ಜರುಗುತ್ತದೆ, ಅದಕ್ಕೇ ಈ ಕ್ರಮ. ಥ್ರಸ್ಟ್ ಆ್ಯಂಗಲ್ ಸೊನ್ನೆ ಹತ್ತಿರ ಬಂದ ಮೇಲೆ ಸ್ಟೇರಿಂಗ್ ನೇರ ಮಾಡಿ ಲಾಕ್ ಹಾಕಿ ಮುಂದಿನದಕ್ಕೆ ಹೋಗಬೇಕು. ಮುಂದಿನಿಂದ ಶುರು ಮಾಡುವವರನ್ನು ಕಂಡರೆ ಅಲ್ಲೇ ನಿಲ್ಲಿಸಿ.

ಅಂಕಿಗಳಲ್ಲಿ ಎರಡು ಬಲೆಗಳಿವೆ. ಕೆಲವು ಯಂತ್ರ ಡಿಗ್ರಿ ಮತ್ತು ಮಿನಿಟಿನಲ್ಲಿ ತೋರಿಸುತ್ತವೆ, ಕೆಲವು ದಶಮಾಂಶದಲ್ಲಿ. 60 ಮಿನಿಟಿಗೆ ಒಂದು ಡಿಗ್ರಿ. ಹಾಗಾಗಿ 15 ಮಿನಿಟ್ ಅಂದರೆ 0.25 ಡಿಗ್ರಿ. 0.15 ಡಿಗ್ರಿ ಅಂದರೆ ಬರೀ 9 ಮಿನಿಟ್. ಒಂದನ್ನು ಇನ್ನೊಂದು ಅಂತ ಓದಿದರೆ ಗಾಡಿ ಹೊರಗೆ ಬರುವಾಗಲೇ ತಪ್ಪಾಗಿರುತ್ತದೆ. ಎರಡನೆಯದು, ಒಂದು ಚಕ್ರದ ಟೋ ಬೇರೆ, ಎರಡೂ ಸೇರಿದ ಒಟ್ಟು ಟೋ ಬೇರೆ. ಒಟ್ಟಿನ ಅಂಕಿಯನ್ನು ಒಂದೊಂದು ಚಕ್ರಕ್ಕೂ ಕೊಟ್ಟರೆ ಬೇಕಾದ್ದರ ಎರಡರಷ್ಟಾಗುತ್ತದೆ. ಉದ್ಯಮಬಾಗದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಕಬ್ಬಿಣ ಕೊರೆಯುವ ಊರು ನಮ್ಮದು. ಅಲ್ಲಿಂದ ಮೂರು ರಸ್ತೆ ಆಚೆ "ಎರಡು ಮಿಲಿಮೀಟರ್ ಏನಾಗಲ್ಲ ಬಿಡ್ರಿ" ಅನ್ನೋದನ್ನು ಕೇಳಿದಾಗ ನನಗೆ ನಗು ಬರುತ್ತದೆ.

ಯಾವ ಅಂಕಿ ಇಟ್ಟುಕೊಳ್ಳಬೇಕು? ನೀವು ರೇಸ್ ಟ್ರ್ಯಾಕಿಗೆ ಹೋಗುವವರಲ್ಲ. ಹೈವೇ ಜಾಸ್ತಿ, ಘಾಟ್ ಸ್ವಲ್ಪ. ಹಾಗಾಗಿ ಹಿಂದಿನ ಕ್ಯಾಂಬರನ್ನು ಕಂಪನಿ ಹೇಳಿದ ಮಿತಿಯೊಳಗೆ ಕಮ್ಮಿ ನೆಗೆಟಿವ್ ಇರುವ ತುದಿಗೆ ಇಡಿಸಿ, ಎರಡೂ ಕಡೆ ಸಮ ಇರಲಿ. ಮಿತಿ ಬಿಟ್ಟು ಸೊನ್ನೆಗೆ ತರಬೇಡಿ. ಟೈರ್ ಉಳಿಯಬಹುದು, ಘಾಟಿನಲ್ಲಿ ಹಿಂಭಾಗ ಜಾರಿದರೆ ಗಾಡಿ ಉಳಿಯೋದಿಲ್ಲ. ಟೋ ಕೂಡ ಅಷ್ಟೇ: ಮಿತಿಯೊಳಗೆ ಕಮ್ಮಿ ಟೋ-ಇನ್ ಇರಲಿ, ಆದರೆ ಟೋ-ಇನ್ ಆಗಿಯೇ ಇರಲಿ. ಎಂಜಿನ್ ಸೀಟಿನ ಬೆನ್ನಿಗೇ ಇರುವ, ಹಿಂಚಕ್ರ ಓಡಿಸುವ ಕಾರಿಗೆ ಹಿಂದೆ ಟೋ-ಔಟ್ ಕೊಡುವುದು ಅಪಾಯ. ಒದ್ದೆ ತಿರುವಿನಲ್ಲಿ ಥಟ್ಟನೆ ಆ್ಯಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮುಂದೆ ಬರಲು ನೋಡುತ್ತದೆ. ಟೈರ್ ಉಳಿಸುವ ಹುಮ್ಮಸ್ಸಿನಲ್ಲಿ ಟೋವನ್ನು ಸೊನ್ನೆ ಮಾಡಿಸಿಕೊಳ್ಳುವವರಿದ್ದಾರೆ. ಅದಕ್ಕೂ ನನ್ನ ಒಪ್ಪಿಗೆ ಇಲ್ಲ, ಬುಷ್ ಸ್ವಲ್ಪ ಬಾಗಿದರೂ ಅದು ಟೋ-ಔಟ್‌ಗೆ ಹೋಗುತ್ತದೆ.

ಮುಗಿದ ಮೇಲೆ ಗಾಡಿ ರ‍್ಯಾಂಪಿನಿಂದ ಇಳಿಸಿ, ಒಂದು ಸುತ್ತು ಹಾಕಿ, ಮತ್ತೆ ಏರಿಸಿ ಅಳೆಸಿ. ಅಂಕಿ ಅದೇ ಬರಬೇಕು. ಬರಲಿಲ್ಲ ಅಂದರೆ ಒಂದೋ ಬೋಲ್ಟ್ ಸರಿಯಾಗಿ ಬಿಗಿದಿಲ್ಲ, ಇಲ್ಲವೇ ಅಳೆಯಲು ಚಕ್ರಕ್ಕೆ ಕಚ್ಚಿಸುವ ಕ್ಲಾಂಪ್ ಸರಿಯಾಗಿ ಕೂತಿಲ್ಲ, ಇಲ್ಲವೇ ಬುಷ್ ಆಡುತ್ತಿದೆ. ಅಂಗಡಿಯವರು ಗೊಣಗುತ್ತಾರೆ. ಇನ್ನೂರು ರೂಪಾಯಿ ಜಾಸ್ತಿ ಕೊಟ್ಟರೂ ಆ ಸೈಜಿನ ಒಂದು ಟೈರಿನ ಬೆಲೆ ಮುಂದೆ ಅದು ಲೆಕ್ಕಕ್ಕಿಲ್ಲ.

ಯಂತ್ರವನ್ನು ನಂಬದವರಿಗೆ ದಾರದ ದಾರಿ ಇದೆ. ಗವಂಡಿಗಳು ಗೋಡೆಗೆ ಕಟ್ಟುವ ದಾರವನ್ನು ಗಾಡಿಯ ಎರಡೂ ಬದಿಗೆ, ಚಕ್ರದ ನಡುವಿನ ಎತ್ತರದಲ್ಲಿ ಬಿಗಿದು ಕಟ್ಟುವುದು. ಆಮೇಲೆ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಉಕ್ಕಿನ ಸ್ಕೇಲಿನಲ್ಲಿ ಅಳೆಯುವುದು. ನಿಮ್ಮ ಕಾರಿನಲ್ಲಿ ಮುಂದಿನ ಎರಡು ಚಕ್ರಗಳ ನಡುವಿನ ಅಗಲಕ್ಕಿಂತ ಹಿಂದಿನದು ಜಾಸ್ತಿ. ಆದ್ದರಿಂದ ದಾರವನ್ನು ಟೈರಿಗೆ ತಾಗಿಸಿ ಕಟ್ಟಬಾರದು. ಎರಡೂ ದಾರ ಒಂದಕ್ಕೊಂದು ಸಮಾನಾಂತರ ಇರಬೇಕು, ಎಡಬಲ ಹಬ್ಬಿನಿಂದ (ಚಕ್ರದ ನಡುಭಾಗ) ಸಮ ದೂರದಲ್ಲಿರಬೇಕು. ಮಟ್ಟಸ ನೆಲ, ಒಂದು ಭಾನುವಾರ ಇದ್ದರೆ ಆಗುವ ಕೆಲಸ. ಯಂತ್ರ ಹೇಳಿದ್ದು ಸರಿಯಾ ಅಂತ ನೋಡಲು ಇಷ್ಟು ಸಾಕು.

ಟೈರ್ ಎಡಬಲ ಬದಲಿಸುವ ಸಲಹೆ ಈಗ ಕೆಲಸಕ್ಕೆ ಬಾರದು, ತಂತಿ ಬಂದಾಗಿದೆ. ಮುಂದೆಯೂ ಅದರಿಂದ ಪ್ರಯೋಜನ ಕಮ್ಮಿ. ಈ ದರ್ಜೆಯ ಬಹುತೇಕ ಟೈರುಗಳ ಮೇಲೆ "ಔಟ್‌ಸೈಡ್" ಅಂತ ಬರೆದಿರುತ್ತದೆ. ಎಡದಿಂದ ಬಲಕ್ಕೆ ಹಾಕಿದರೂ ಒಳಅಂಚು ಒಳಗೇ ಉಳಿಯುತ್ತದೆ. ಮುಂದಿನದನ್ನು ಹಿಂದೆ ಹಾಕೋಣ ಅಂದರೆ ಅಳತೆಯೇ ಬೇರೆ.

ಹೊಸದು ತಗೊಳ್ಳುವಾಗ ಹಿಂದಿನ ಎರಡನ್ನೂ ಒಟ್ಟಿಗೆ, ಒಂದೇ ಮಾದರಿಯದು ತಗೊಳ್ಳಿ. ಪೋರ್ಷೆ ಒಪ್ಪಿದ ಟೈರುಗಳ ಪಕ್ಕದಲ್ಲಿ ಎನ್0, ಎನ್1 ಹೀಗೆ ಗುರುತು ಇರುತ್ತದೆ, ಸಿಕ್ಕರೆ ಅದೇ ಒಳ್ಳೆಯದು. ತಯಾರಾದ ದಿನಾಂಕವನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2324 ಅಂದರೆ 2024ರ 23ನೇ ವಾರ. ಇಂಥ ಅಪರೂಪದ ಸೈಜು ಗೋಡೌನಿನಲ್ಲಿ ವರ್ಷಗಟ್ಟಲೆ ಕೂತಿರುವುದುಂಟು.

ಗಾಳಿಯ ಬಗ್ಗೆ ಒಂದೇ ಮಾತು. ಪೆಟ್ರೋಲ್ ಬಂಕಿನಲ್ಲಿ "ಮುಂದ ಹಿಂದ ಮೂವತ್ತೆರಡು" ಅಂತ ಕೇಳುವ ಅಭ್ಯಾಸ ಬಿಡಿ. ನಿಮ್ಮ ಕಾರಿಗೆ ಮುಂದೆ ಬೇರೆ, ಹಿಂದೆ ಬೇರೆ. ಗಾಡಿಯ ಸ್ಟಿಕ್ಕರಿನಲ್ಲಿರೋದನ್ನು ನೋಡಿ, ಬೆಳಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಿ. ಹೊರಗಿನ ಬಿಸಿ ಐದಾರು ಡಿಗ್ರಿ ಏರಿದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಗಾವಿಯ ಚಳಿಯ ಬೆಳಗಿನಲ್ಲಿ ತುಂಬಿಸಿಕೊಂಡು ಮೇ ತಿಂಗಳ ವಿಜಯಪುರದವರೆಗೆ ಹಾಗೇ ಬಿಟ್ಟರೆ ಅಂಕಿ ಎಲ್ಲಿಗೆ ಹೋಗಿರುತ್ತದೆ ಅಂತ ನೀವೇ ಲೆಕ್ಕ ಹಾಕಿ. ತಿಂಗಳಿಗೊಮ್ಮೆ ನೋಡಿಕೊಂಡರೆ ಸಾಕು.

ಇಷ್ಟೆಲ್ಲ ಮಾಡಿದರೂ ಹಿಂದಿನ ಟೈರ್ ಸಣ್ಣ ಕಾರಿನ ಟೈರಿನಷ್ಟು ಬಾಳುತ್ತದೆ ಅಂತ ಕಾಯಬೇಡಿ. ರಬ್ಬರ್ ಮೆತ್ತಗಿನದು, ಎಂಜಿನ್ನಿನ ಶಕ್ತಿಯೆಲ್ಲ ಹಿಂದೆಯೇ ಇಳಿಯೋದು, ಭಾರವೂ ಹಿಂದೆಯೇ ಜಾಸ್ತಿ. ಒಳಅಂಚು ಹೊರಗಿನದಕ್ಕಿಂತ ಸ್ವಲ್ಪ ಮುಂದೆ ಸವೆಯೋದು ಈ ಕಾರಿನ ಗುಣವೇ. ಸ್ವಲ್ಪ ಅಂದರೆ ಒಂದು ಮಿಲಿಮೀಟರ್ ಆಚೀಚೆ. ನಾಲ್ಕು ಮಿಲಿಮೀಟರ್ ಅಲ್ಲ.

ಹೊಸ ಟೈರ್ ಹಾಕಿದ ದಿನ ಮೂರೂ ಕಡೆ ಅಳೆದು ಬರೆದಿಡಿ. 1,500 ಕಿಲೋಮೀಟರಿಗೆ ಮತ್ತೆ ಅಳೆಯಿರಿ, ಅಂಗೈಯೂ ಸವರಿ. ಆಮೇಲೆ ಪ್ರತಿ ಎರಡು ಸಾವಿರಕ್ಕೊಮ್ಮೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಒಳಅಂಚು ಕಾಣುತ್ತದೆ. ಹಿಂದಿನದು ಹಾಗೆ ಕಾಣೋದಿಲ್ಲ, ನೆಲಕ್ಕೆ ಬಗ್ಗಿ ಮೊಬೈಲ್ ಟಾರ್ಚ್ ಹಿಡಿದು ಒಳಗೆ ಕೈಹಾಕಿಯೇ ನೋಡಬೇಕು. ಮೊದಲ ಅಳತೆಯಲ್ಲೇ ಒಳಗೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಓಡಿಸುವುದನ್ನು ನಿಲ್ಲಿಸಿ, ಬುಷ್‌ಗಳನ್ನು ಇನ್ನೊಮ್ಮೆ ನೋಡಿಸಿ. ತಿರುಗಿಸುವ ಮುಂಚಿನ ಪ್ರಿಂಟು, ತಿರುಗಿಸಿದ ಮೇಲಿನ ಪ್ರಿಂಟು, ಹಳೇ ಟೈರಿನ ಅಳತೆ ಮೂರನ್ನೂ ನನಗೆ ಕಳಿಸಿದರೆ ಯಾವ ಕಡೆಯ ಆರ್ಮಿನ ಮೇಲೆ ಅನುಮಾನ ಪಡಬೇಕು ಅಂತ ಹೇಳಬಲ್ಲೆ.